ಚೌತಿಗೆ ಮೊದಲು ಬಣ್ಣ ಹೊಡೆಸಬಹುದಾ? ಉತ್ತರ ಕನ್ನಡದಲ್ಲಿ ಮನೆ ಒಳಗೆ ಹೊಸದು ಮಾಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಕುಮಟಾದಲ್ಲಿ. ಹುಟ್ಟಿದ ಮನೆ ಶಿರಸಿ ಹತ್ತಿರದ ಒಂದು ಹಳ್ಳಿ. ಬಣ್ಣ, ಕಪಾಟು, ಅಡುಗೆಮನೆ, ದೀಪ ಅಂತ ಮನೆಗಳ ಒಳಗಿನ ಕೆಲಸ ಮಾಡಿಸುವುದೇ ನನ್ನ ಕಸುಬು. ಕಾರವಾರದ ಫ್ಲ್ಯಾಟಿನವರೂ ಫೋನ್ ಮಾಡುತ್ತಾರೆ, ಸಿದ್ದಾಪುರದ ತೋಟದ ಮನೆಯವರೂ ಮಾಡುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. ಬೆಂಗಳೂರಿನ ಮನೆಗೆ ಸರಿಯಾದ ಉತ್ತರ ಇಲ್ಲಿ ನಡೆಯುವುದಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಜೊತೆಗೆ ಉಪ್ಪು ಗಾಳಿ. ಹಾಗಾಗಿ ಇಲ್ಲಿಯವರಿಗೆ ಅಂತಲೇ ಬರೆದಿಟ್ಟಿದ್ದೇನೆ.

ಮನೆ ಒಳಗೆಲ್ಲ ಹೊಸದಾಗಿ ಮಾಡಿಸಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ?

ಮಾಡಿನಿಂದ, ಅಂದರೆ ಮನೆಯ ಛಾವಣಿಯಿಂದ. ಸೋಫಾಕ್ಕೆ ಯಾವ ಬಣ್ಣ ಅಂತ ಕೇಳಲು ಬಂದವರಿಗೆ ಈ ಉತ್ತರ ಹಿಡಿಸುವುದಿಲ್ಲ, ಗೊತ್ತು.

ಜುಲೈಯಲ್ಲಿ ಜೋರು ಮಳೆ ಹೊಡೆಯುವ ದಿನ ಒಂದು ಪೆನ್ಸಿಲ್ ಹಿಡಿದು ಮನೆಯೊಳಗೆ ಸುತ್ತು ಹಾಕಿ. ಗೋಡೆ ಎಲ್ಲೆಲ್ಲಿ ಒದ್ದೆಯಾಗಿದೆಯೋ ಅದರ ಅಂಚಿಗೆ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಕು ಬರೆಯಿರಿ. ವಾರ ಬಿಟ್ಟು ಮತ್ತೆ ನೋಡಿ. ಒದ್ದೆ ಮೇಲಿನಿಂದ ಕೆಳಗೆ ಇಳಿಯುತ್ತಿದ್ದರೆ ಮಾಡು ಸೋರುತ್ತಿದೆ. ನೆಲದಿಂದ ಎರಡು ಮೂರು ಅಡಿ ಮೇಲೇರಿ ನಿಂತಿದ್ದರೆ ಅಡಿಪಾಯ ನೀರು ಎಳೆಯುತ್ತಿದೆ. ಕಿಟಕಿಯ ಸುತ್ತ, ಅದರಲ್ಲೂ ಪಶ್ಚಿಮದ ಗೋಡೆಯಲ್ಲಿ ತೇಪೆ ತೇಪೆಯಾಗಿ ಕಂಡರೆ ಅದು ಎರಚಲು.

ಮೂರಕ್ಕೂ ಮದ್ದು ಬೇರೆ ಬೇರೆ. ಮಾಡು ಸೋರಿದರೆ ಒಡೆದ ಹಂಚು ಬದಲಿಸಿದರೆ ಸಾಕಾಗಬಹುದು. ಅಡಿಯಿಂದ ಏರುವ ನೀರಿಗೆ ಮನೆಯ ಸುತ್ತ ಚರಂಡಿ ತೆಗೆಯಬೇಕು, ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ತಗ್ಗಿಗೆ ಬರಬೇಕು. ಎಷ್ಟೋ ಮನೆಗಳಲ್ಲಿ ವರ್ಷ ವರ್ಷ ಅಂಗಳಕ್ಕೆ ಮಣ್ಣು ಹಾಕಿ ಹಾಕಿ ಅಂಗಳವೇ ಎತ್ತರವಾಗಿರುತ್ತದೆ. ಎರಚಲಿಗೆ ನಮ್ಮ ಹಿರಿಯರು ತೆಂಗಿನ ಮಡಲಿನ ತಟ್ಟಿ, ಅಡಿಕೆ ಸೋಗೆ ಕಟ್ಟುತ್ತಿದ್ದರು. ಈಗ ನೀಲಿ ಟಾರ್ಪಾಲು ಬಂದಿದೆ. ನೋಡಲು ಚಂದ ಇಲ್ಲ, ಆದರೆ ಗೋಡೆ ಉಳಿಯುತ್ತದೆ. ದುಡ್ಡಿದ್ದರೆ ಆ ಬದಿಗೆ ಎರಡಡಿ ಮಾಡು ಇಳಿಸಿಬಿಡಿ.

ಇದಿಷ್ಟು ಆಗದೆ ಒಳಗೆ ಬಣ್ಣ ಬಳಿಯಲು ನಾನು ಒಪ್ಪುವುದಿಲ್ಲ. ಎರಡು ವರ್ಷಕ್ಕೆ ನೀವು ನನಗೇ ಬೈಯುತ್ತೀರಿ.

ಚೌತಿಗೆ ಮೊದಲು ಬಣ್ಣ ಹೊಡೆಸಬಹುದಾ?

ಎಲ್ಲರಿಗೂ ಇದೇ ಆಸೆ. ಊರು ಬಿಟ್ಟು ಹೋದವರೆಲ್ಲ ಬರುವ ಹಬ್ಬ ಅದು, ಮನೆ ಚಂದ ಕಾಣಬೇಕು ಅಲ್ವಾ? ಆದರೆ ಚೌತಿ ಬರುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವೆ. ಅಷ್ಟರಲ್ಲಿ ಗೋಡೆ ಎರಡೂವರೆ ತಿಂಗಳು ನೀರು ಕುಡಿದು ಕೂತಿರುತ್ತದೆ. ಮೇಲಿಂದ ಬಣ್ಣ ಬಳಿದರೆ ಒಳಗಿನ ನೀರು ಹೊರಗೆ ಬರುವ ದಾರಿ ಹುಡುಕುತ್ತದೆ, ಬಣ್ಣವನ್ನು ನೂಕಿಕೊಂಡೇ ಬರುತ್ತದೆ.

ಅನುಮಾನ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪಿನಿಂದ ಮುಚ್ಚಿ. ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಗೆ ಹನಿ ಕಟ್ಟಿದ್ದರೆ ನೀರು ಗೋಡೆಯಲ್ಲಿದೆ, ಬಣ್ಣ ಬೇಡ. ಹೊರಮೈಗೆ ಮಾತ್ರ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ.

ಚೌತಿಗೆ ಏನೂ ಮಾಡದೆ ಇರಲು ಮನಸ್ಸು ಒಪ್ಪದಿದ್ದರೆ ಗಣಪತಿ ಕೂರಿಸುವ ಕೋಣೆಯ ಒಳಗೋಡೆಗೆ ಸುಣ್ಣ ಬಳಿಸಿ. ಬಾಗಿಲು, ಮಣೆ, ಮಂಟಪಕ್ಕೆ ಪಾಲಿಶ್ ಮಾಡಿಸಿ. ಹೊರಗಿನ ಗಾಳಿ ತಾಗುವ ಗೋಡೆ ಮುಟ್ಟಬೇಡಿ.

ಸರಿಯಾದ ಕಾಲ ಅಂದರೆ ಕರಾವಳಿಗೆ ದೀಪಾವಳಿ ಮುಗಿದ ಮೇಲೆ ನವೆಂಬರ್‌ನಿಂದ ಮಾರ್ಚ್. ಘಟ್ಟದ ಮೇಲಿನವರಿಗೆ ಆ ಲೆಕ್ಕ ಕೂಡುವುದಿಲ್ಲ. ಆಗ ಕೊನೆಕೊಯ್ಲು. ಜಗಲಿ ತುಂಬ ಅಡಿಕೆ ಸುಲಿಯುವವರು, ಅಂಗಳದ ತುಂಬ ಅಡಿಕೆ. ಪೇಂಟರ್ ಏಣಿ ಎಲ್ಲಿ ಇಡುತ್ತಾನೆ? ಅವರು ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಶಿರಸಿ ಪೇಟೆಯವರು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಮೊದಲು ಮುಗಿಸಬೇಕು ಅಂತ ಹಟ ಹಿಡಿಯುತ್ತಾರೆ. ಆ ವರ್ಷ ಪೇಂಟರ್ ಸಿಗುವುದೇ ಕಷ್ಟ. ಡಿಸೆಂಬರಲ್ಲೇ ಮಾತಾಡಿ ಇಟ್ಟುಕೊಳ್ಳಿ.

ಪುಟ್ಟಿ ಹಾಕಿ, ದುಬಾರಿ ಬಣ್ಣ ಹೊಡೆಸಿದರೂ ಗೋಡೆ ಸುಲಿಯುತ್ತದೆ. ಯಾಕೆ?

ನಿಮ್ಮ ಗೋಡೆ ಚಿರೆಕಲ್ಲಿನದು ಅಂತ ಕಾಣುತ್ತದೆ. ಈ ಕಲ್ಲಿಗೆ ಲ್ಯಾಟರೈಟ್ ಅನ್ನುವ ಹೆಸರು ಕೊಟ್ಟದ್ದು ಫ್ರಾನ್ಸಿಸ್ ಬುಕಾನನ್, 1807ರಲ್ಲಿ. ಇಟ್ಟಿಗೆಯ ಹಾಗೆ ಕಡಿಯಲು ಬರುತ್ತದೆ ಅಂತ ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ಆ ಹೆಸರು. ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದಮೇಲೆ ಗಟ್ಟಿ. ಆದರೆ ಮೈತುಂಬ ತೂತು. ಎಷ್ಟು ಗಟ್ಟಿಯಾದರೂ ನೀರು ಕುಡಿಯುವುದನ್ನು ಬಿಡುವುದಿಲ್ಲ.

ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಹೊರಗೆ ಬಿಡುವುದು ಅದರ ಸ್ವಭಾವ. ಮೊದಲು ಮೇಲಿದ್ದದ್ದು ಸುಣ್ಣದ ಗಾರೆ, ಸುಣ್ಣದ ಬಣ್ಣ. ಎರಡೂ ಉಸಿರಾಡುತ್ತವೆ. ಈಗ ನಾವು ಸಿಮೆಂಟು ಪ್ಲಾಸ್ಟರ್, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್‌ನಂಥ ಬಣ್ಣ ಹಾಕಿ ಗೋಡೆಗೆ ರೇನ್‌ಕೋಟ್ ತೊಡಿಸುತ್ತೇವೆ, ಅದೂ ಒಳಗಡೆಯಿಂದ. ನೀರು ಹೊರಬರುವಾಗ ಕರಗಿದ ಉಪ್ಪನ್ನೂ ತರುತ್ತದೆ. ಬಣ್ಣದ ಹಿಂದೆ ಉಪ್ಪು ಹರಳುಗಟ್ಟಿ ಉಬ್ಬುತ್ತದೆ. ಬೆರಳಲ್ಲಿ ಒತ್ತಿ ನೋಡಿ, ಹಪ್ಪಳದ ಹಾಗೆ ಪಟ್ಟನೆ ಒಡೆದು ಬಿಳಿ ಪುಡಿ ಉದುರುತ್ತದೆ. ಕಟ್ಟುವಾಗ ಉಪ್ಪುನೀರಿನ ಮರಳು ಹಾಕಿದ್ದರೆ ಈ ಕಾಟ ಮುಗಿಯುವುದೇ ಇಲ್ಲ. ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ.

ಏನು ಮಾಡಬೇಕು? ಸುಲಿದ ಕಡೆಯೆಲ್ಲ ಗಟ್ಟಿ ಪ್ಲಾಸ್ಟರ್ ಸಿಗುವವರೆಗೆ ಕೆರೆಯಿಸಿ. ಒಣ ಬ್ರಷ್‌ನಿಂದ ಉಪ್ಪು ಉದುರಿಸಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬೆತ್ತಲೆ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಪುಟ್ಟಿ ಬೇಕೇ ಬೇಕು ಅಂದರೆ ಬಿಳಿ ಸಿಮೆಂಟಿನದು ಹಾಕಿ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡವೇ ಬೇಡ, ಅದು ನೀರು ತಾಗಿದರೆ ಮೆತ್ತಗಾಗುತ್ತದೆ.

ನನ್ನನ್ನು ಕೇಳಿದರೆ ಇಂಥ ಗೋಡೆಗೆ ಸುಣ್ಣವೇ ಸೈ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ, ಕ್ಷಾರ ಇರುವುದರಿಂದ ಬೂಸ್ಟು ಬೇಗ ಹಿಡಿಯುವುದಿಲ್ಲ. ನಮ್ಮ ಕಡೆ ಚಿಪ್ಪಿ ಸುಣ್ಣ ಇತ್ತು. ಅಘನಾಶಿನಿ ಅಳಿವೆಯ ಚಿಪ್ಪಿ ಸುಟ್ಟು ಮಾಡಿದ್ದು. ಯಾವ ಸುಣ್ಣವಾದರೂ ಕೆಲವು ದಿನ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ ಮೂರು ನಾಲ್ಕು ಕೈ ಬಳಿಯಿರಿ. ದಪ್ಪ ಮಾಡಿ ಒಂದೇ ಕೈ ಬಳಿದರೆ ಪುಡಿ ಪುಡಿಯಾಗಿ ಬಟ್ಟೆಗೆ ಹತ್ತುತ್ತದೆ. ಸುಣ್ಣಕ್ಕೆ ಬೈಯುವವರೆಲ್ಲ ಹೀಗೆ ದಪ್ಪ ಬಳಿದವರೇ.

ಒಂದು ಕೋಣೆಗೆ ಎಷ್ಟು ಬಣ್ಣ ಬೇಕು? ಅಂಗಡಿಯವರು ಜಾಸ್ತಿ ಹೇಳುತ್ತಾರೆ ಅನ್ನಿಸುತ್ತದೆ.

ಲೆಕ್ಕ ನೀವೇ ಹಾಕಿ. ಕೋಣೆ 10 ಅಡಿಗೆ 12 ಅಡಿ, ಎತ್ತರ 10 ಅಡಿ ಅಂತ ಇಟ್ಟುಕೊಳ್ಳಿ. ಸುತ್ತಳತೆ 44 ಅಡಿ, ಗೋಡೆ 440 ಚದರಡಿ. ಒಂದು ಬಾಗಿಲು, ಎರಡು ಕಿಟಕಿ ಅಂತ 50 ಕಳೆಯಿರಿ. 390 ಉಳಿಯಿತು. ನುಣುಪಾದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಎರಡು ಕೈಗೆ ಸುಮಾರು 60 ಚದರಡಿ ಬರುತ್ತದೆ. ಅಂದರೆ ಆರೂವರೆ ಲೀಟರ್. ಪ್ರೈಮರ್ ಬೇರೆ. ಒರಟು ಗೋಡೆ ಇನ್ನಷ್ಟು ಕುಡಿಯುತ್ತದೆ. ಅಂಗಡಿಯವರು ಹತ್ತು ಲೀಟರ್ ಅಂದರೆ ಸುಮ್ನೆ ನಕ್ಕು ಈ ಲೆಕ್ಕ ತೋರಿಸಿ.

ಕಪಾಟಿಗೆ ಯಾವ ಪ್ಲೈವುಡ್?

ಇದಕ್ಕೆ ನಾನೇ ಪೆಟ್ಟು ತಿಂದವನು. ಕುಮಟಾಕ್ಕೆ ಬಂದ ಹೊಸದರಲ್ಲಿ ರೆಡಿಮೇಡ್ ವಾರ್ಡ್‌ರೋಬ್ ಒಂದನ್ನು ತಂದು ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಒತ್ತಿ ಇಟ್ಟೆ. ಚಂದ ಇತ್ತು, ಅಗ್ಗವೂ ಇತ್ತು. ಆಗಸ್ಟ್‌ನಲ್ಲಿ ಒಂದು ದಿನ ಬಾಗಿಲು ಎಳೆದರೆ ಕೀಲು ಸಮೇತ ಕೈಗೆ ಬಂತು. ಸ್ಕ್ರೂ ಇದ್ದ ಜಾಗದಲ್ಲಿ ನೆನೆಸಿದ ಅವಲಕ್ಕಿಯ ಹಾಗೆ ಮರದ ಹೊಟ್ಟು. ಹಿಂದಿನ ಹಲಗೆ ಊದಿಕೊಂಡಿತ್ತು. ಆಯಿ ಇಡಲು ಕೊಟ್ಟಿದ್ದ ಧಾರೆ ಸೀರೆಯ ಮೇಲೆ ಹಸಿರು ಬೂಸ್ಟಿನ ಚುಕ್ಕೆ. ಆಚಾರಿಯನ್ನು ಕರೆದು ತೋರಿಸಿದೆ. ಅವರು ಒಂದು ಚೂರು ಮುರಿದು ಮೂಸಿ, "ಇದು ಮರ ಅಲ್ಲ ಹೆಗಡೇರೆ, ಬಿಸ್ಕೀಟು" ಅಂದರು. ಆಯಿ ಏನೂ ಹೇಳಲಿಲ್ಲ. ಸೀರೆಯನ್ನು ಮಾತ್ರ ವಾಪಸು ಶಿರಸಿಗೆ ತೆಗೆದುಕೊಂಡು ಹೋದರು.

ಅದು ಪಾರ್ಟಿಕಲ್ ಬೋರ್ಡ್. ಎಂಡಿಎಫ್ ಕೂಡ ಅದರ ಅಣ್ಣತಮ್ಮ. ನಮ್ಮ ಹವೆಗೆ ಎರಡೂ ಬೇಡ.

ಪ್ಲೈವುಡ್ ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಇರುವ ನಂಬರ್ ಓದಿ. ಐಎಸ್ 303 ಅಂತ ಇದ್ದರೆ ಅದು ಸಾಮಾನ್ಯ ಬಳಕೆಯದು. ಅದರಲ್ಲಿ ಎಂಆರ್ ಅಂದರೆ ತೇವವನ್ನು ಸ್ವಲ್ಪ ತಡೆಯುವುದು, ಬಿಡಬ್ಲ್ಯುಆರ್ ಅಂದರೆ ಅದಕ್ಕಿಂತ ಗಟ್ಟಿ. ಐಎಸ್ 710 ಅಂದರೆ ಮರೈನ್ ಪ್ಲೈ, ಪದರ ಬಿಡದೆ 72 ಗಂಟೆ ಕುದಿಯುವ ನೀರನ್ನು ತಾಳಬೇಕು. ವ್ಯತ್ಯಾಸ ಇರುವುದು ಹೆಚ್ಚಾಗಿ ಒಳಗಿನ ಅಂಟಿನಲ್ಲಿ. ಸಿಂಕಿನ ಕೆಳಗೆ, ಹೊರಗೋಡೆಗೆ ತಾಗುವ ಕಪಾಟಿಗೆ 710. ಒಳಗಿನ ಒಣ ಕೋಣೆಗೆ ಬಿಡಬ್ಲ್ಯುಆರ್ ಸಾಕು. ಎಲ್ಲದಕ್ಕೂ ಮರೈನ್ ಹಾಕಿ ಅನ್ನುವವರು ನಿಮ್ಮ ದುಡ್ಡಿನ ಬಗ್ಗೆ ಯೋಚಿಸುತ್ತಿಲ್ಲ. ಸೀಲಿನ ಮೇಲೆ ನಂಬಿಕೆ ಇಲ್ಲದಿದ್ದರೆ ಒಂದು ತುಂಡು ಕೇಳಿ ತಂದು ಹಂಡೆಯಲ್ಲಿ ಕುದಿಸಿ. ಪದರ ಬಿಟ್ಟರೆ ಬೇಡ.

ಇನ್ನೊಂದು ಮಾತು. ಪ್ಲೈ ಹಾಳಾಗುವುದು ಮುಖದಿಂದ ಅಲ್ಲ, ಅಂಚಿನಿಂದ. ಕೊಯ್ದ ಅಂಚಿಗೆಲ್ಲ ಟೇಪ್ ಅಂಟಿಸಬೇಕು, ಕಾಣದ ಕೆಳಗಿನ ಅಂಚಿಗೂ. ಕಪಾಟು ಮತ್ತು ಗೋಡೆಯ ನಡುವೆ ಒಂದಿಂಚು ಗಾಳಿ ಆಡಲು ಬಿಡಿ. ನೆಲದಿಂದ ನಾಲ್ಕು ಇಂಚು ಎತ್ತರಕ್ಕೆ ಕಾಲು ಕೊಡಿ.

ಹಳೆ ಮನೆಯ ಮರದ ಕಪಾಟು, ಬಾಗಿಲು ಇವೆ. ತೆಗೆದು ಹಾಕಲೇ?

ಬೇಡ! ಸಾಗವಾನಿ, ಹಲಸು, ಬೀಟೆ, ಮತ್ತಿ ಇವೆಲ್ಲ ಈಗ ಕೊಳ್ಳಲು ಹೋದರೆ ಗೊತ್ತಾಗುತ್ತದೆ. ತೋಟದಲ್ಲಿ ಮರ ಇದೆ, ಕಡಿಸುತ್ತೇನೆ ಅನ್ನುವವರಿಗೂ ಒಂದು ಮಾತು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಎಲ್ಲ ಜಾತಿಗೂ ಒಂದೇ ನಿಯಮ ಅಲ್ಲ. ಕೊಡಲಿ ಎತ್ತುವ ಮೊದಲು ರೇಂಜ್ ಆಫೀಸಿನಲ್ಲಿ ಕೇಳಿ, ಸಾಗಿಸಲು ಪಾಸ್ ಬೇಕೇ ಅಂತಲೂ ಕೇಳಿ.

ಹಳೆ ಬಾಗಿಲಿಗೆ ಹತ್ತಾರು ವರ್ಷ ಎಣ್ಣೆ ಬಣ್ಣ ಬಳಿದು ಬಳಿದು ಕೆತ್ತನೆ ಮುಚ್ಚಿಹೋಗಿರುತ್ತದೆ. ಬಣ್ಣ ಕೆರೆದು ತೆಗೆದರೆ ಅಡಿಯಲ್ಲಿ ಹೂ ಬಳ್ಳಿ ಕಾಣುತ್ತದೆ. ಕೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿ, ಮಕ್ಕಳನ್ನು ದೂರ ಇಡಿ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು.

ಮರದಿಂದ ರಾಗಿ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳ ಹಿಡಿದಿದೆ. ಮಾರ್ಚ್ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕಲಸಿದ ನೀರನ್ನು ಎರಡು ಮೂರು ಸಲ ಹಚ್ಚಿ. ಕಾಣದ ಜಾಗದ ಮರಕ್ಕೆ, ಹಂಚು ಹೊರುವ ಪಕಾಸಿಗೆ, ರೀಪಿಗೆ ಕರಾವಳಿಯಲ್ಲಿ ಹಿಂದಿನಿಂದ ಗೇರೆಣ್ಣೆ ಹಚ್ಚುತ್ತಾರೆ, ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು. ಕೆಲಸ ಮಾಡುತ್ತದೆ, ಆದರೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಒಳಗಿನ ಪೀಠೋಪಕರಣಕ್ಕೆ ಬೇಡ.

ವರಲೆಗೆ (ಗೆದ್ದಲಿಗೆ) ಏನು ಮಾಡಲಿ?

ಗೋಡೆ ಮೇಲೆ ಮಣ್ಣಿನ ಗೆರೆ ಕಂಡರೆ ಒರೆಸಿ ಬಿಟ್ಟುಬಿಡಬೇಡಿ. ಒಂದು ಕಡೆ ಒಡೆದು ನೋಡಿ, ಎರಡು ದಿನಕ್ಕೆ ಮತ್ತೆ ಕಟ್ಟಿದ್ದರೆ ವರಲೆ ಜೀವಂತ ಇದೆ. ಕೆಲಸದವರು ಗೋಡೆ ಮತ್ತು ನೆಲ ಸೇರುವಲ್ಲಿ ಅಡಿಗೊಂದರಂತೆ ತೂತು ಕೊರೆದು ಮದ್ದು ತುಂಬುತ್ತಾರೆ. ಅದಕ್ಕೆ ಮೊದಲು ಬಾವಿ ಎಲ್ಲಿದೆ ಅಂತ ಅವರಿಗೆ ತೋರಿಸಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬಾವಿ ಅಡುಗೆಮನೆ ಗೋಡೆಗೇ ತಾಗಿರುತ್ತದೆ, ಚಿರೆಕಲ್ಲಿನ ನೆಲದಲ್ಲಿ ಮದ್ದು ಎತ್ತ ಹರಿಯುತ್ತದೋ ಹೇಳಲಾಗದು. ಆ ಬದಿಗೆ ಮದ್ದು ಬೇಡ ಅಂತ ಖಡಾಖಂಡಿತ ಹೇಳಿ. ಗೋಡೆಗೆ ಒತ್ತಿ ಸೌದೆ ಪೇರಿಸುವುದನ್ನೂ ನಿಲ್ಲಿಸಿ.

ಸಮುದ್ರದ ಹತ್ತಿರ ಮನೆ. ಕೀಲು, ಹಿಡಿಕೆ, ನಲ್ಲಿ ಎಲ್ಲ ಒಂದೇ ವರ್ಷಕ್ಕೆ ತುಕ್ಕು.

ಕಾರವಾರದವರ ಖಾಯಂ ದೂರು. ಸ್ಟೇನ್‌ಲೆಸ್ ಅಂದರೆ ಎಲ್ಲವೂ ಒಂದೇ ಅಲ್ಲ. 304 ಗ್ರೇಡಿನದು ಒಳಗಿನ ಕೆಲಸಕ್ಕೆ ಆಗುತ್ತದೆ. ಸಮುದ್ರಕ್ಕೆ ಮುಖ ಮಾಡಿದ ಬಾಲ್ಕನಿ, ಕಿಟಕಿಗೆ 316 ಕೇಳಿ. ಅದರಲ್ಲಿ ಎರಡು ಮೂರು ಪರ್ಸೆಂಟ್ ಮಾಲಿಬ್ಡಿನಮ್ ಇರುತ್ತದೆ, ಉಪ್ಪಿಗೆ ಅದು ಎದುರು ನಿಲ್ಲುತ್ತದೆ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು "ನೋಡಿ ಹತ್ತುವುದಿಲ್ಲ" ಅಂತ ತೋರಿಸುತ್ತಾರೆ. ಅಗ್ಗದ 202ಕ್ಕೂ ಅಯಸ್ಕಾಂತ ಹತ್ತುವುದಿಲ್ಲ, ಅದನ್ನು ನಂಬಬೇಡಿ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ಕೀಲು ಒಳ್ಳೆಯದು ತಂದು ಸ್ಕ್ರೂ ಮಾಮೂಲಿ ಕಬ್ಬಿಣದ್ದು ಹಾಕಿದರೆ ಏನು ಬಂತು? ಆಗುವುದು ಯಾವಾಗಲೂ ಇದೇ. ಹಿತ್ತಾಳೆ ಸಿಕ್ಕರೆ ಹಿತ್ತಾಳೆ ಹಾಕಿ. ಹಸಿರು ಕಟ್ಟಿದರೆ ಹುಣಸೆ ಹಣ್ಣು ಇದೆಯಲ್ಲ. ತಿಂಗಳಿಗೊಮ್ಮೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿದರೆ ಯಾವ ಲೋಹವಾದರೂ ಎರಡು ಪಟ್ಟು ಬಾಳುತ್ತದೆ, ಇದು ನನ್ನ ಅನುಭವ.

ಹಂಚಿನ ಮನೆಗೆ ಫಾಲ್ಸ್ ಸೀಲಿಂಗ್ ಹಾಕಿಸಬಹುದಾ?

ಜಿಪ್ಸಂ ಬೋರ್ಡಿನದು ಬೇಡ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹರಡಿದ ಹಂಚು ಇದು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುತ್ತದೆ, ಸಂದಿಯಲ್ಲಿ ಗಾಳಿ ಆಡುತ್ತದೆ. ಬಿರುಗಾಳಿ ಮಳೆಗೆ ಅದೇ ಸಂದಿಯಿಂದ ಸೀರ್ಪನಿಯೂ ಬರುತ್ತದೆ. ಕೆಳಗೆ ಜಿಪ್ಸಂ ಇದ್ದರೆ ಚಹಾ ಕಲೆಯಂಥ ವೃತ್ತ ಮೂಡುತ್ತದೆ, ಮೂರನೇ ವರ್ಷಕ್ಕೆ ಜೋತು ಬೀಳುತ್ತದೆ. ಅದರ ಮೇಲೆ ಇಲಿ, ಇಲಿಯ ಹಿಂದೆ ಕೇರೆ ಹಾವು. ರಾತ್ರಿ ಮಲಗಿ ಆ ಓಡಾಟ ಕೇಳಿದವರಿಗೇ ಗೊತ್ತು.

ಮುಚ್ಚಲೇಬೇಕು ಅಂದರೆ ಮರದ ಹಲಗೆ, ಇಲ್ಲವೇ ಪಿವಿಸಿ ಪ್ಯಾನಲ್. ಗೋಡೆಯ ಅಂಚಿಗೆ ಗಾಳಿ ಆಡಲು ಸಂದಿ ಬಿಡಿ, ಮೇಲೆ ಹತ್ತಿ ನೋಡಲು ಒಂದು ಕಿಂಡಿ ಇರಲಿ. ನನಗೆ ಇಷ್ಟವಾಗುವುದು ಏನೂ ಮುಚ್ಚದೆ ಪಕಾಸು, ರೀಪು ತೊಳೆದು ಎಣ್ಣೆ ಹಚ್ಚಿ, ತೊಲೆಯಿಂದ ದೀಪ ಇಳಿಬಿಡುವುದು.

ಶಿರಸಿ ಕಡೆ ಹಳೆ ಮನೆ, ಹಗಲಲ್ಲೂ ಕತ್ತಲೆ. ದೀಪ ಹೇಗೆ ಹಾಕಿಸಲಿ?

ದೀಪಕ್ಕೆ ಮೊದಲು ಗಾಜಿನ ಹಂಚು. ನಡುಮನೆಯ ಮೇಲೆ ಎರಡು, ಅಡುಗೆಮನೆ ಮೇಲೆ ಎರಡು ಹಾಕಿಸಿ, ವರ್ಷಕ್ಕೊಮ್ಮೆ ಪಾಚಿ ತೊಳೆಸಿ. ಗೋಡೆ ಬಿಳಿ ಇರಲಿ. ಕಡುನೀಲಿ ಗೋಡೆ ಫೋನಿನಲ್ಲಿ ಚಂದ ಕಾಣುತ್ತದೆ, ಜುಲೈಯ ಮಧ್ಯಾಹ್ನ ಗವಿಯ ಹಾಗಿರುತ್ತದೆ.

ಎಲ್‌ಇಡಿ ಕೊಳ್ಳುವಾಗ ಪೆಟ್ಟಿಗೆ ಮೇಲೆ ಕೆಲ್ವಿನ್ ಸಂಖ್ಯೆ ನೋಡಿ. 2700ರಿಂದ 3000 ಅಂದರೆ ಹಳದಿ ಬೆಳಕು, ಮರ ಮತ್ತು ಕೆಂಪು ನೆಲಕ್ಕೆ ಹೊಂದುತ್ತದೆ. 6500 ಅಂದರೆ ಬೆಳ್ಳಗೆ. ಅಡುಗೆ ಕಟ್ಟೆಗೆ, ಮಕ್ಕಳು ಓದುವಲ್ಲಿಗೆ 4000 ಸರಿ. ನಡುವೆ ಒಂದು ದೊಡ್ಡ ದೀಪಕ್ಕಿಂತ ಮೂಲೆಗಳಲ್ಲಿ ಮೂರು ಸಣ್ಣವು ವಾಸಿ.

ಗೋಡೆ ಹೇಗೂ ಮುಟ್ಟುತ್ತೀರಿ, ವೈರಿಂಗ್ ಆಗಲೇ ಬದಲಿಸಿ. ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದನ್ನು ಮರೆಯಬೇಡಿ. ಒದ್ದೆ ಗೋಡೆಯ ಮನೆಗೆ ಅದಿಲ್ಲದೆ ಆಗುವುದಿಲ್ಲ. ಎಸಿ, ಗೀಸರ್ ಹೊಸದಾಗಿ ಸೇರಿಸುವುದಾದರೆ ಹೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಿ.

ಕೆಂಪು ನೆಲ ಕಿತ್ತು ಟೈಲ್ಸ್ ಹಾಕಿಸಬೇಕಾ?

ರೆಡ್ ಆಕ್ಸೈಡ್ ನೆಲ ಗಟ್ಟಿ ಇದ್ದರೆ ಕೀಳಬೇಡಿ. ಬಿರುಕಿಗೆ ಅದೇ ಬಣ್ಣದ ಆಕ್ಸೈಡ್ ಕಲಸಿದ ಸಿಮೆಂಟು ತುಂಬಿ, ಮಷಿನ್ನಲ್ಲಿ ಉಜ್ಜಿಸಿ, ಮೇಣ ಹಚ್ಚಿಸಿ. ಆಸಿಡ್ ಹಾಕಬೇಡಿ, ಬಣ್ಣ ಹೋಗುತ್ತದೆ. ನಮ್ಮನೆಯಲ್ಲಿ ಆಯಿ ಒರೆಸುವ ನೀರಿಗೆ ನಾಲ್ಕು ಹನಿ ತೆಂಗಿನೆಣ್ಣೆ ಬಿಡುತ್ತಿದ್ದರು. ನೆಲದಲ್ಲಿ ಮುಖ ಕಾಣುತ್ತಿತ್ತು. ನಾಲ್ಕು ಹನಿ ಅಂದರೆ ನಾಲ್ಕೇ, ಜಾಸ್ತಿಯಾದರೆ ಅಜ್ಜ ಜಾರಿ ಬೀಳುತ್ತಾರೆ.

"ನೆಲ ಬೆವರುತ್ತದೆ, ಟೈಲ್ಸ್ ಹಾಕಿದರೆ ನಿಲ್ಲುತ್ತದಲ್ಲ?" ಅಂತ ಕೇಳುತ್ತಾರೆ. ನಿಲ್ಲುವುದಿಲ್ಲ. ತೇವ ತುಂಬಿದ ಬೆಚ್ಚನೆ ಗಾಳಿ ತಣ್ಣನೆ ನೆಲಕ್ಕೆ ತಾಗಿದಾಗ ಹನಿ ಕಟ್ಟುತ್ತದೆ. ನುಣುಪು ಟೈಲ್ಸ್ ಮೇಲೂ ಕಟ್ಟುತ್ತದೆ, ಅಲ್ಲಿ ಇನ್ನೂ ಜಾರುತ್ತದೆ. ಫ್ಯಾನ್ ಹಾಕಿ ಗಾಳಿ ಆಡಿಸುವುದೇ ಅದಕ್ಕೆ ದಾರಿ. ಟೈಲ್ಸ್ ಬೇಕೇ ಬೇಕು ಅಂದರೆ ಮ್ಯಾಟ್ ಇರುವುದನ್ನೇ ತನ್ನಿ. ಹಳೆ ನೆಲದ ಮೇಲೆಯೇ ಹಾಕಿದರೆ ನೆಲ ಒಂದಿಂಚು ಏರುತ್ತದೆ, ಬಾಗಿಲುಗಳ ಕೆಳಗೆ ಕೊಯ್ಯಬೇಕಾಗುತ್ತದೆ.

ಅಡುಗೆಮನೆ ಮಾಡ್ಯುಲರ್ ಮಾಡಿಸಲೇ?

ಮಾಡಿಸಿ, ಆದರೆ ಕೆಳಗಿನ ಖಾನೆಗಳಿಗೆ ಕಡಪ ಕಲ್ಲಿನ ಹಲಗೆ ಇಟ್ಟು ಬಾಗಿಲು ಮಾತ್ರ ಪ್ಲೈನದು ಹಾಕಿ. ಕಲ್ಲು ಊದುವುದಿಲ್ಲ, ವರಲೆ ತಿನ್ನುವುದಿಲ್ಲ. ಕಟ್ಟೆ ಎತ್ತರವನ್ನು ಅಡುಗೆ ಮಾಡುವವರನ್ನು ನಿಲ್ಲಿಸಿ ಅಳೆಯಿರಿ, ಮೊಣಕೈಗಿಂತ ನಾಲ್ಕೈದು ಇಂಚು ಕೆಳಗೆ. ಒಂದು ಮನೆಯಲ್ಲಿ ಬೆಂಗಳೂರಿನ ಮಗ ಫೋನಿನಲ್ಲೇ 36 ಇಂಚು ಹೇಳಿದ್ದ. ಅವನ ತಾಯಿ ಈಗ ಮಣೆ ಹತ್ತಿ ದೋಸೆ ಎರೆಯುತ್ತಾರೆ. ಸೌದೆ ಒಲೆಯೂ ಇದ್ದರೆ ಅದನ್ನು ಬಚ್ಚಲ ಬದಿಗೆ ಕಳಿಸಿ. ಇಲ್ಲದಿದ್ದರೆ ಹೊಸ ಲ್ಯಾಮಿನೇಟ್ ಆರು ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಬಟ್ಟೆ, ಪುಸ್ತಕಕ್ಕೆಲ್ಲ ಬೂಸ್ಟು. ಕಪಾಟು ಹೇಗಿರಬೇಕು?

ಬಾಗಿಲಿಗೆ ಪಟ್ಟಿ ಪಟ್ಟಿ ಸಂದಿ ಇರಲಿ. ಹೊರಗೋಡೆ ಬಿಟ್ಟು ಒಳಗೋಡೆಗೆ ಇಡಿ. ಅರ್ಧ ಒಣಗಿದ ಬಟ್ಟೆ ಮಡಚಿ ಇಡಬೇಡಿ. ನಮ್ಮ ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಸಮನಾದದ್ದು ಇನ್ನೂ ಬಂದಿಲ್ಲ. ಫ್ಲ್ಯಾಟಿನವರು ಒಂದು ಡಿಹ್ಯುಮಿಡಿಫೈಯರ್ ಕೊಂಡರೆ ದಂಡ ಆಗುವುದಿಲ್ಲ, ಸಂಜೆ ಹೊತ್ತಿಗೆ ಅದರ ತೊಟ್ಟಿಯಲ್ಲಿ ಸೇರಿದ ನೀರು ನೋಡಿ ನಿಮಗೇ ಹೆದರಿಕೆಯಾಗುತ್ತದೆ.

ಗೋಡೆಗೆ ಏನು ಹಾಕಿದರೆ ನಮ್ಮ ಊರಿನ ಮನೆ ಅನ್ನಿಸುತ್ತದೆ?

ವಾಲ್‌ಪೇಪರ್ ಅಂತೂ ಬೇಡ, ಅದರ ಹಿಂದೆ ಬೂಸ್ಟಿನ ತೋಟ ಬೆಳೆಯುತ್ತದೆ.

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆ ಮೇಲೆ ಕೆಂಪು ಬಿಳಿ ಚಿತ್ರ ನೋಡಿದ್ದೀರಲ್ಲ, ಅದು ಕಾವಿ. ಸುಣ್ಣದ ಗಾರೆ ಹಸಿ ಇರುವಾಗ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಬೇಡದ ಕಡೆ ಕೆರೆದು ಬಿಳಿ ತೋರಿಸುವುದು. ಸುಣ್ಣದ ಜೊತೆ ಒಂದಾಗಿ ಕೂರುವುದರಿಂದ ನಮ್ಮ ಮಳೆಗೆ ಅದು ಬಾಳುತ್ತದೆ. ಗೊತ್ತಿರುವ ಕೈ ಸಿಕ್ಕರೆ ಜಗಲಿಯ ಒಂದು ಗೋಡೆಗೆ ಮಾಡಿಸಿ. ಸಿದ್ದಾಪುರ, ಸಾಗರ ಕಡೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಇನ್ನೊಂದು. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣು, ಪುಂಡಿ ನಾರಿನ ಕುಂಚ. ಚೌಕಟ್ಟು ಹಾಕಿಸಿ ತೂಗಬಹುದು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹಳೆ ಬಟ್ಟೆಯಿಂದ ಹೊಲಿಯುವ ಕೌದಿಯನ್ನು ಮಂಚದ ಹಿಂದಿನ ಗೋಡೆಗೆ ತೂಗಿದ್ದು ನೋಡಿದ್ದೇನೆ, ಇಡೀ ಕೋಣೆಗೆ ಬೇರೆ ಬಣ್ಣ ಬೇಕೆನಿಸಲಿಲ್ಲ. ಮಾಡಿದವರ ಹತ್ತಿರವೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಯಾವ ಚೌಕಟ್ಟು ತೂಗಿದರೂ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ಚೂರು ಅಂಟಿಸಿ, ಗಾಳಿ ಆಡಲಿ.

ಬಾಡಿಗೆ ಮನೆ. ಜಾಸ್ತಿ ಖರ್ಚು ಮಾಡಲಾರೆ.

ಪರದೆ, ದೀಪ, ಮೂರು ಕುಂಡ. ಪರದೆ ಹತ್ತಿಯದು, ತೆಳ್ಳಗೆ, ಬೇಗ ಒಣಗುವಂಥದ್ದು. ಸಾಮಾನನ್ನೆಲ್ಲ ಗೋಡೆಯಿಂದ ಅಂಗೈ ಅಗಲ ಮುಂದೆ ಎಳೆಯಿರಿ. ಅರ್ಧ ಸಾಮಾನು ಹೊರಗೆ ಹಾಕಿ.

ವಾಸ್ತು ಪ್ರಕಾರ ಮಾಡುತ್ತೀರಾ?

ಮನೆಯ ಹಿರಿಯರು ಹೇಳಿದ ಹಾಗೆ ಮಾಡುತ್ತೇನೆ. ನನ್ನ ಒಂದೇ ಶರತ್ತು, ಬಟ್ಟೆ ಕಪಾಟು ಮಾತ್ರ ಮಳೆ ಹೊಡೆಯುವ ಗೋಡೆಗೆ ಬೇಡ.

ಗವಂಡಿ, ಆಚಾರಿ, ಪೇಂಟರ್ ಜೊತೆ ದುಡ್ಡಿನ ಲೆಕ್ಕ ಹೇಗೆ?

ಒಂದು ನೋಟ್‌ಬುಕ್ ಇಡಿ. ಯಾವ ಕೆಲಸ, ಯಾವ ಗ್ರೇಡಿನ ಸಾಮಾನು, ಸಾಮಾನು ತರುವವರು ಯಾರು, ಚದರಡಿಗೆ ಎಷ್ಟು, ಎಲ್ಲ ಬರೆದು ಇಬ್ಬರೂ ಸಹಿ ಹಾಕಿ. ಚದರಡಿ ಅಳೆಯುವಾಗ ಕಿಟಕಿ ಬಾಗಿಲು ಕಳೆಯುತ್ತಾರೋ ಇಲ್ಲವೋ ಮೊದಲೇ ಕೇಳಿ, ಜಗಳ ಆಗುವುದು ಅಲ್ಲೇ. ದುಡ್ಡು ನಾಲ್ಕು ಕಂತಿನಲ್ಲಿ ಕೊಡಿ. ಕೊನೆಯ ಕಂತು ಒಂದು ಮಳೆ ನೋಡಿದ ಮೇಲೆ ಅಂತ ನಾನೇ ಹೇಳುತ್ತೇನೆ. ಕೆಲವರು ಒಪ್ಪುವುದಿಲ್ಲ. ಒಪ್ಪುವವರನ್ನು ಬಿಡಬೇಡಿ. ಮಧ್ಯಾಹ್ನ ಚಹಾ ಅವಲಕ್ಕಿ ಲೆಕ್ಕದಲ್ಲಿ ಬರುವುದಿಲ್ಲ, ಆದರೂ ಕೊಡಿ.

ಕೆಲಸ ನಡೆಯುವಾಗ ಮನೆಯಲ್ಲೇ ಇರಬಹುದಾ?

ಇರಬಹುದು, ಒಂದೊಂದೇ ಕೋಣೆ ಹಿಡಿದರೆ. ಎರಡು ಕೋಣೆಗೆ ಬಣ್ಣ ಅಂದರೆ ಕೆರೆಯುವುದು, ಪುಟ್ಟಿ, ಒಣಗುವುದು ಎಲ್ಲ ಸೇರಿ ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ಹೊಸ ಪ್ಲಾಸ್ಟರ್ ಆಗಿದ್ದರೆ ಅದು ಹದವಾಗಲು ಸುಮಾರು 28 ದಿನ ಬಿಟ್ಟು ಆಮೇಲೆ ಬಣ್ಣ. ಅಡುಗೆಮನೆ ಕೆಲಸದ ವಾರ ಗ್ಯಾಸ್ ಒಲೆಯನ್ನು ಹಿತ್ತಲ ಮಾಡಿಗೆ ಸಾಗಿಸಿ. ದಮ್ಮು ಇರುವವರು, ಪುಟ್ಟ ಮಕ್ಕಳು ಇದ್ದರೆ ಪುಟ್ಟಿ ಉಜ್ಜುವ ಎರಡು ದಿನ ನೆಂಟರ ಮನೆಗೆ ಹೋಗಿಬರಲಿ. ಆ ಎರಡು ದಿನ ಬಾವಿ ಬಾಯಿಗೂ ಒಂದು ಟಾರ್ಪಾಲು ಮುಚ್ಚಿಬಿಡಿ, ಪೇಂಟರ್ ಬ್ರಷ್ ತೊಳೆಯಲು ಬೇರೆ ಬಕೆಟ್ ಕೊಡಿ.